ಕುಲಾವಿ ಹೊಲಿದವರು ಯಾರು?

ಹಿಂದಿನ ತಾಯಂದಿರು ಮಗುವಿಗೆ ಬೇಕಾದ್ದನ್ನೆಲ್ಲ ಮನೆಯಲ್ಲೇ, ತಮ್ಮ ಕೈಯಾರೆ ಮಾಡಿಕೊಳ್ಳುತ್ತಿದ್ದರು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಕುಲಾವಿ, ಕೌದಿ, ಲಂಗೋಟಿ, ಕಾಡಿಗೆ, ರಾಗಿ ಸರಿ, ಬಟ್ಟೆಯ ಗೊಂಬೆ, ಹೀಗೆ ಪಟ್ಟಿ ಬೆಳೆಯುತ್ತದೆ. ಹೆರಿಗೆ ರಜೆಯಲ್ಲಿ ಬಾಡಿಗೆ ಮನೆಯಲ್ಲಿ ಕೂತ ಹೆಂಗಸಿಗೆ ಇದು ಹೊಗಳಿಕೆಗಿಂತ ಹೆಚ್ಚಾಗಿ ಒಂದು ಒತ್ತಾಯದಂತೆ ಕೇಳಿಸುತ್ತದೆ: ನಿಮ್ಮಜ್ಜಿ ಮಾಡಿದ್ದಳು, ನಿನಗೇಕೆ ಆಗುವುದಿಲ್ಲ? ಆ ಮಾತಿನಲ್ಲಿ ಅರ್ಧ ಮಾತ್ರ ನಿಜ. ಆ ವಸ್ತುಗಳು ಮನೆಯಲ್ಲಿ ಆಗುತ್ತಿದ್ದದ್ದು ಹೌದು, ಆದರೆ ಮಾಡುತ್ತಿದ್ದವಳು ಬಾಣಂತಿಯಾಗಿರಲಿಲ್ಲ. ಹಳೆಯ ಮೈಸೂರು ಸೀಮೆಯ ಬಾಣಂತನದಲ್ಲಿ ಹೆತ್ತವಳೊಬ್ಬಳನ್ನು ಬಿಟ್ಟು ಮನೆಯ ಮಿಕ್ಕ ಹೆಂಗಸರೆಲ್ಲ ದುಡಿಯುತ್ತಿದ್ದರು. ಹೆತ್ತವಳೇ ಒಬ್ಬಳಾಗಿ ಮಗುವನ್ನೂ ನೋಡಿಕೊಂಡು, ಮಗುವಿನ ಸಾಮಾನನ್ನೂ ತಯಾರಿಸಿಕೊಳ್ಳಬೇಕು ಎಂಬುದು ಹೊಸ ಸಂಗತಿ. ಬೆಂಗಳೂರಿನ ಬೊಮ್ಮನಹಳ್ಳಿಯಂಥ ಊರು ಬೆಳೆದ ರೀತಿಯಲ್ಲೇ ಅದರ ಹುಟ್ಟು ಇದೆ. ಅದನ್ನು ಹಳೆಯ ಸಂಪ್ರದಾಯವೆಂದು ಕರೆದರೆ ಹಳಬರಿಗೂ ಅನ್ಯಾಯ, ಇಂದಿನ ತಾಯಿಗೆ ಇನ್ನೂ ಹೆಚ್ಚು ಅನ್ಯಾಯ.

ಬೊಮ್ಮನಹಳ್ಳಿ ಬೇಗೂರು ಹೋಬಳಿಯ ಊರು. ಬೇಗೂರಿನಲ್ಲಿ ಸಿಕ್ಕ, ಸುಮಾರು 9ನೆಯ ಶತಮಾನದ ಕೊನೆಯದೆನ್ನುವ ಗಂಗರ ಕಾಲದ ಶಾಸನವೊಂದರಲ್ಲಿ ‘ಬೆಂಗಳೂರು’ ಎಂಬ ಹೆಸರು ಒಂದು ಕಾಳಗದ ಸಂದರ್ಭದಲ್ಲಿ ಬರುತ್ತದೆ. ಅಷ್ಟು ಹಳೆಯ ಈ ಸೀಮೆ ಕಳೆದ ಶತಮಾನದ ನಡುಭಾಗದವರೆಗೂ ಕೆರೆ, ರಾಗಿ ಹೊಲ, ಅವರೆಸಾಲು, ತೋಟ ಇಟ್ಟುಕೊಂಡ ಹಳ್ಳಿಗಾಡೇ ಆಗಿತ್ತು. 1978ರಲ್ಲಿ ರಾಜ್ಯ ಸರಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿತು. ಹೊಸೂರು ರಸ್ತೆಯ ಎರಡೂ ಬದಿ ಸಿದ್ಧ ಉಡುಪಿನ ಕಾರ್ಖಾನೆಗಳು ಎದ್ದವು. 2007ರಲ್ಲಿ ಬೊಮ್ಮನಹಳ್ಳಿ ನಗರಸಭೆ ಬಿಬಿಎಂಪಿಯೊಳಗೆ ಸೇರಿತು, 2010ರಲ್ಲಿ ತಲೆಯ ಮೇಲೆ ಮೇಲ್ಸೇತುವೆ ಬಂತು, 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ. ರಸ್ತೆ, ಸೇತುವೆಗಳ ಈ ಚರಿತ್ರೆ ಎಲ್ಲರಿಗೂ ಗೊತ್ತು. ಬಾಣಂತನದ ಮಟ್ಟಿಗೆ ಮುಖ್ಯವಾದದ್ದು ಆ ಕಾರ್ಖಾನೆಗಳಿಗೆ ಬೇಕಾದ ಕೈಗಳಿಗಾಗಿ ಕಟ್ಟಿದ ಮನೆಗಳು. ಗಾರೆಬಾವಿಪಾಳ್ಯ, ಹೊಂಗಸಂದ್ರ, ಮಂಗಮ್ಮನಪಾಳ್ಯಗಳಲ್ಲಿ ಹೊಲದ ಒಡೆಯರು ಸಾಲಾಗಿ ಕಟ್ಟಿಸಿದ ಒಂದೊಂದು ಕೋಣೆಯ ಬಾಡಿಗೆ ಮನೆಗಳಲ್ಲಿ ಮಂಡ್ಯ, ತುಮಕೂರು, ಕೋಲಾರ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ಗಂಡಹೆಂಡಿರು ಬಿಡಾರ ಹೂಡಿದರು. ಆ ಅಳತೆಯ ಮನೆಗೆ ಅತ್ತೆಯನ್ನೋ ಅವ್ವನನ್ನೋ ಮೂರು ತಿಂಗಳು ಕರೆಸಿಕೊಂಡರೆ ಮಲಗಿಸುವುದೆಲ್ಲಿ? ಬಾಣಂತನದ ಕಥೆ ತಿರುಗುವುದು ಈ ಪ್ರಶ್ನೆಯಲ್ಲಿ.

ಹಳೆಯ ಪದ್ಧತಿ ಏನಿತ್ತೆಂದು ಮೊದಲು ನೋಡಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ. ಹೆರಿಗೆಯಾದ ಮೇಲೆ ಮೂರರಿಂದ ಐದು ತಿಂಗಳು ಅಲ್ಲೇ ಇಟ್ಟುಕೊಂಡು, ಒಳ್ಳೆಯ ದಿನ ನೋಡಿ, ಮಡಿಲು ತುಂಬಿ ಬಾಣಂತಿಯನ್ನು ಗಂಡನ ಮನೆಗೆ ಕಳಿಸಿಕೊಡುವುದು. ಅಷ್ಟು ಕಾಲ ಅವಳಿಗೆ ಕಸ, ಮುಸುರೆ, ನೀರು ಸೇದುವುದು, ಒಲೆ ಮುಂದೆ ಕೂರುವುದು ಯಾವುದೂ ಇಲ್ಲ. ಸೂಜಿ ಹಿಡಿಯುವುದೂ ಬೇಡ, ಕಣ್ಣಿಗೆ ತ್ರಾಸ, ಓದಬೇಡ, ಹೊಲಿಯಬೇಡ ಎಂದು ಹಿರಿಯರು ತಡೆಯುತ್ತಿದ್ದರು. ಕೂಸಿಗೆ ನೀರು ಹಾಕುವುದು ಕೂಡ ತಾಯಿಯ ಕೆಲಸವಲ್ಲ. ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕೂತು ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಎರಡೂ ಕಾಲು ಚಾಚಿ ಜೋಡಿಸಿಕೊಂಡ ಅಜ್ಜಿ, ಮೊಣಕಾಲಿಂದ ಪಾದದವರೆಗಿನ ಆ ತಗ್ಗಿನಲ್ಲಿ ಮಗುವನ್ನು ಬೋರಲು ಹಾಕಿಕೊಳ್ಳುತ್ತಾಳೆ. ಬೆನ್ನು, ಪಿರ್ರೆ, ತೊಡೆ, ಮೀನಖಂಡಕ್ಕೆ ಎಣ್ಣೆ ನೀವಿ, ಹಂಡೆಯಿಂದ ತಂಬಿಗೆಯಲ್ಲಿ ತೆಗೆದ ಬಿಸಿನೀರನ್ನು ಮೊದಲು ತನ್ನ ಮೊಣಕೈ ಮೇಲೆ ಬಿಟ್ಟು ನೋಡಿ ಆಮೇಲೆ ಎರೆಯುತ್ತಾಳೆ. ಪಕ್ಕದಲ್ಲಿ ನೀರು ಬೆರೆಸಿಕೊಡಲು ಇನ್ನೊಬ್ಬಳು ಬೇಕು. ಬಾಗಿಲಲ್ಲಿ ಹಳೆಯ ಪಂಚೆಯ ತುಂಡು ಹಿಡಿದು ನಿಂತು ಮಗುವನ್ನು ಸುತ್ತಿ ಎತ್ತಿಕೊಳ್ಳಲು ಮತ್ತೊಬ್ಬಳು. ಒಳಗೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕಾದಿರುವವಳು ಬೇರೆ. ಒಂದು ಕೂಸಿನ ಒಂದು ಹೊತ್ತಿನ ಸ್ನಾನಕ್ಕೆ ಮೂರ್ನಾಲ್ಕು ಹೆಂಗಸರು. ಸೌದೆ ಒಡೆದವರು, ಹಂಡೆ ತುಂಬಿದವರು ಈ ಲೆಕ್ಕದಲ್ಲಿಲ್ಲ.

ವಸ್ತುಗಳ ಮಾತೂ ಹಾಗೆಯೇ. ಮಗುವಿನ ಮೊದಲ ಬಟ್ಟೆ ಹೊಸದಾಗಿರುತ್ತಿರಲಿಲ್ಲ. ಹತ್ತಾರು ವರ್ಷ ಒಗೆದು ಒಗೆದು ನುಣುಪಾದ ಅಜ್ಜನ ಪಂಚೆ, ಅಜ್ಜಿಯ ನೂಲಿನ ಸೀರೆ ಹರಿದು ಚೌಕ ಮಾಡಿ ಮಡಿಸಿಟ್ಟಿರುತ್ತಿದ್ದರು. ಹುಟ್ಟುವ ಮೊದಲೇ ಕೂಸಿಗೆಂದು ಕೊಂಡು ತರುವುದು ಸಲ್ಲ ಎಂಬ ನಂಬಿಕೆಯೂ ಅದಕ್ಕೆ ಜೊತೆ. ಕುಲಾವಿಯನ್ನು ಹೊಲಿದುಕೊಡುತ್ತಿದ್ದವರು ಚಿಕ್ಕಮ್ಮನೋ ಸೋದರತ್ತೆಯೋ, ನಾಮಕರಣದ ದಿನ ಉಡುಗೊರೆಯಾಗಿ ತರುವ ನೆರೆಯವರೋ. ಉತ್ತರ ಕರ್ನಾಟಕದ ಕೌದಿಯಂತೂ ಒಬ್ಬರ ಕೆಲಸವೇ ಅಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ವರು ಕೂತು ಅಂಚಿನಿಂದ ನಡುವಿಗೆ ಹೊಲಿಗೆ ಹಾಕುತ್ತ ಬರಬೇಕು. ಊರೂರು ಸುತ್ತಿ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರೂ ಇದ್ದರು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ, ಕವಂದಿ ಎಂಬ ಕೌದಿಗೆ ಮೂಲೆಗಳಲ್ಲಿ ತ್ರಿಕೋನದ ಬಟ್ಟೆಹೂ ಇಡದಿದ್ದರೆ ಅದು ಬೆತ್ತಲೆ ಎಂದು ಭಾವಿಸುತ್ತಾರೆ. ಆ ಕವಂದಿಯನ್ನು ಮೊಮ್ಮಗುವಿಗೆಂದು ಹೊಲಿಯುವವರು ಹೆಚ್ಚಾಗಿ ಅಜ್ಜಿಯರು. ತೊಟ್ಟಿಲು ಬಡಗಿಯದು. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲಿಗೆ ದೂರದೂರದ ಊರುಗಳಿಂದ ಬೇಡಿಕೆ ಇತ್ತು, ಉಳ್ಳವರ ಮನೆಗಳಲ್ಲಿ ಒಂದೇ ತೊಟ್ಟಿಲು ತಲೆಮಾರುಗಳ ಮಕ್ಕಳನ್ನು ತೂಗಿತು. ಇಲ್ಲದವರು ತೊಲೆಗೆ ಸೀರೆ ಕಟ್ಟಿ ಜೋಲಿ ಮಾಡಿಕೊಂಡರು.

ರಾಗಿ ಸರಿಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಬೊಮ್ಮನಹಳ್ಳಿ ಸೀಮೆಯ ಮಣ್ಣಿನಿಂದಲೇ ಬಂದ ಮಗುವಿನ ಆಹಾರ ಅದು. ರಾಗಿಯನ್ನು ಕಲ್ಲು ಹೊಟ್ಟು ಆರಿಸಿ, ತೊಳೆದು, ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಬೇಕು. ಮೊಳಕೆ ಬಿಳಿದಾರದಂತೆ ಕಾಣಿಸಿದ ಮೇಲೆ ನೆರಳಲ್ಲಿ ಹರಡಿ ಒಣಗಿಸಿ, ಗುಬ್ಬಿ ಕೋಳಿ ಕಾದು, ಸಣ್ಣ ಉರಿಯಲ್ಲಿ ಹುರಿದು ಬೀಸಬೇಕು. ಕೊನೆಗೆ ಪಾತ್ರೆಯ ಬಾಯಿಗೆ ತೆಳು ಬಟ್ಟೆ ಬಿಗಿದು, ಹಿಟ್ಟನ್ನು ಅಂಗೈಯಲ್ಲಿ ಆಡಿಸುತ್ತ ಸೋಸಬೇಕು. ಕೆಳಗಿಳಿದ ನುಣುಪು ಹಿಟ್ಟೇ ಸರಿಹಿಟ್ಟು, ಮೇಲುಳಿದ ತರಿ ದೊಡ್ಡವರ ಅಂಬಲಿಗೆ. ಇಷ್ಟಕ್ಕೆ ಮೂರ್ನಾಲ್ಕು ದಿನ ಹಿಡಿಯುತ್ತದೆ. ಇದರ ಹಿಂದಿನ ತಿಳಿವಳಿಕೆ ಗಟ್ಟಿಯಾದದ್ದು: ಮೊಳಕೆಯೊಡೆದಾಗ ಕಾಳಿನೊಳಗೆ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಸರಿ ಅಂಟಿನಂತೆ ಗಟ್ಟಿಯಾಗುವುದಿಲ್ಲ. ಅಷ್ಟೇ ತೆಳುವಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು, ಚಿಕ್ಕ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶ ಇದೆ, ಅಕ್ಕಿ ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಈ ತಿಳಿವಳಿಕೆ ಕೆಲಸಕ್ಕೆ ಬರಬೇಕಾದರೆ ಒಣಗಿಸಲು ಅಂಗಳ ಬೇಕು, ಕಾಯಲು ಒಬ್ಬರು ಬೇಕು, ಮೂರ್ನಾಲ್ಕು ದಿನ ಬೇಕು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಈ ಆರೈಕೆ ಎಲ್ಲರಿಗೂ ಇತ್ತೇ? ಕೂಲಿನಾಲಿ ಮಾಡುವವರ ಮನೆಯಲ್ಲಿ ಐದು ತಿಂಗಳು ಕೂರಿಸಿ ತುಪ್ಪ ಅನ್ನ ಇಕ್ಕುವ ಶಕ್ತಿ ಯಾರಿಗಿತ್ತು? ಆಕ್ಷೇಪ ನ್ಯಾಯವಾದದ್ದು. ಹೆತ್ತ ಕೆಲವೇ ವಾರಗಳಲ್ಲಿ ಕಳೆ ಕೀಳಲು ಹೋಗಿ, ಬದುವಿನ ಮರಕ್ಕೆ ಸೀರೆ ಕಟ್ಟಿ ಕೂಸು ಮಲಗಿಸಿದವರ ಬದುಕನ್ನು ಮರೆತು ಬಾಣಂತನದ ಚರಿತ್ರೆ ಬರೆದರೆ ಅದು ಉಳ್ಳವರ ಮನೆಯ ಚರಿತ್ರೆ ಮಾತ್ರ. ವಿಶ್ರಾಂತಿಯನ್ನು ಜಾತಿ ಮತ್ತು ಜಮೀನು ಹಂಚಿದವು, ಸಂದೇಹವಿಲ್ಲ. ಆದರೆ ಆ ಬದುವಿನ ಚಿತ್ರದಲ್ಲಿ ಕೂಡ ತಾಯಿ ಒಬ್ಬಳೇ ಇರಲಿಲ್ಲ. ಜೋಲಿ ತೂಗಲು ಒಂದು ದೊಡ್ಡ ಹುಡುಗಿ ಇದ್ದಳು (ಆ ಹುಡುಗಿಯ ಶಾಲೆ ತಪ್ಪಿತು, ಅದರ ನೋವು ಬೇರೆ), ಪಕ್ಕದ ಸಾಲಿನಲ್ಲಿ ಕಳೆ ಕೀಳುವ ಹೆಂಗಸರಿಗೆಲ್ಲ ಮಗು ಗೊತ್ತಿತ್ತು, ಅತ್ತರೆ ಮೊಲೆಯೂಡಿಸಿ ಬರಲು ಮೇಸ್ತ್ರಿಯ ಚೀಟಿ ಬೇಕಿರಲಿಲ್ಲ. ಬಡವಿಗೆ ವಿಶ್ರಾಂತಿ ಇರಲಿಲ್ಲ, ಕೈ ನೀಡುವವರು ಇದ್ದರು. ಬೊಮ್ಮನಹಳ್ಳಿಯ ಒಂಟಿ ಕೋಣೆಯಲ್ಲಿ ಮೊದಲ ಬಾರಿಗೆ ಎರಡೂ ಒಟ್ಟಿಗೆ ತಪ್ಪಿದವು.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಠಿಣ. ಹಳೆಯ ಬಾಣಂತನ ಕೊಂದದ್ದೂ ಉಂಟು. ಮೊದಲ ಹಾಲನ್ನು ಕೆಟ್ಟದೆಂದು ಹಿಂಡಿ ಚೆಲ್ಲಿ ಬೆಲ್ಲದ ನೀರು, ಹರಳೆಣ್ಣೆ ನೆಕ್ಕಿಸಿದ್ದು, ಗಾಳಿಯಿಲ್ಲದ ಕೋಣೆಯಲ್ಲಿ ಹೊಗೆ ಹಾಕಿದ್ದು, ಬಾಯಾರಿದ ಬಾಣಂತಿಗೆ ನೀರು ಅಳೆದು ಕೊಟ್ಟದ್ದು, ಪುರುಡೆಂದು ದೂರ ಇಟ್ಟದ್ದು, ಯಾವುದನ್ನೂ ಮುಚ್ಚಿಡಬಾರದು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಕಾರಣಕ್ಕೆ ಊರಾಚೆ ಗುಡಿಸಲಲ್ಲಿ ಇಟ್ಟಿದ್ದ ಬಾಣಂತಿಯ ಕೂಸು ಮಳೆ ಚಳಿಗೆ ಸಿಕ್ಕಿ ಸತ್ತಿತು. ಇದು ಬೆಂಗಳೂರಿಂದ ಎರಡು ಗಂಟೆ ಹಾದಿಯ ಊರು. ಆಸ್ಪತ್ರೆ ಹೆರಿಗೆ ಉಳಿಸಿದ ಜೀವಗಳ ಮುಂದೆ ಹಳೆಯದರ ಹಂಬಲಕ್ಕೆ ಬೆಲೆಯಿಲ್ಲ. 1935ರಲ್ಲಿ ವಾಣಿ ವಿಲಾಸ ಆಸ್ಪತ್ರೆ ತೆರೆದಾಗ ಆಸ್ಪತ್ರೆಗೆ ಹೋಗಿ ಹೆರುವುದು ಅಪರೂಪದ ಮಾತು. 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಆಸ್ಪತ್ರೆ ಹೆರಿಗೆ ನೂರಕ್ಕೆ 40ರ ಕೆಳಗಿತ್ತು. 2019–21ರ ಸಮೀಕ್ಷೆ ಹೊತ್ತಿಗೆ ಅದು 97. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಅವರ ವೃತ್ತಿ ಬಹುಪಾಲು ಮುಗಿದ ಮೇಲೆ. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ ‘ತಾಯಿ–ಮಗು’ವಿನಂಥ ಪುಸ್ತಕ ಬರೆದು ಮೂಢನಂಬಿಕೆಗಳ ವಿರುದ್ಧ ಕನ್ನಡದಲ್ಲೇ ತಿಳಿಹೇಳಿದ್ದು ಇಂಥ ಸಾವುಗಳನ್ನು ತಪ್ಪಿಸಲೆಂದೇ. ಆದರೆ ಗಮನಿಸಿ: ವೈದ್ಯರು ಬೇಡವೆಂದದ್ದು ಹೊಗೆಯನ್ನು, ಪಥ್ಯದ ಅತಿಯನ್ನು, ಮೈಲಿಗೆಯನ್ನು. ಬಾಣಂತಿಗೆ ನಿದ್ದೆ ಬೇಕು, ಪೌಷ್ಟಿಕ ಊಟ ಬೇಕು, ಜೊತೆಗೆ ಇನ್ನೊಬ್ಬರು ಇರಬೇಕು ಎಂಬುದನ್ನು ಯಾವ ವೈದ್ಯರೂ ಅಲ್ಲಗಳೆಯಲಿಲ್ಲ. ಹೆರಿಗೆ ಆಸ್ಪತ್ರೆಗೆ ಹೋಯಿತು, ಒಳ್ಳೆಯದಾಯಿತು. ಮೂರನೆಯ ದಿನ ಅಲ್ಲಿಂದ ಹಿಂತಿರುಗಿದ ಹೆಂಗಸನ್ನು ಯಾರು ನೋಡಿಕೊಳ್ಳಬೇಕೆಂಬುದು ಮಾತ್ರ ಹೆರಿಗೆಯ ಸುಧಾರಣೆಯೊಳಗೆ ಬರಲೇ ಇಲ್ಲ.

ಬೊಮ್ಮನಹಳ್ಳಿಯಲ್ಲಿ ಆ ಹೆಂಗಸು ಹೆಚ್ಚಾಗಿ ‘ಗಾರ್ಮೆಂಟ್ಸ್‌ಗೆ ಹೋಗುವವಳು’. ಹೊಲಿಗೆ ಬಲ್ಲವಳೇ ಮಗುವಿನ ಬಟ್ಟೆ ಪ್ಯಾಕೆಟಿನಲ್ಲಿ ಕೊಳ್ಳುತ್ತಾಳಲ್ಲ ಎಂದು ಆಡಿಕೊಳ್ಳುವವರು ಆ ಕೆಲಸವನ್ನು ನೋಡಿಲ್ಲ. ಲೈನಿನಲ್ಲಿ ಕೂತವಳು ಇಡೀ ಅಂಗಿ ಹೊಲಿಯುವುದಿಲ್ಲ. ಒಬ್ಬಳು ಕಾಲರ್, ಒಬ್ಬಳು ತೋಳು, ಒಬ್ಬಳು ಜೇಬು. ದಿನವೆಲ್ಲ ಅದೇ ಒಂದು ಹೊಲಿಗೆ, ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಮುಟ್ಟುವವರೆಗೆ. ಕೈಗೆ ಹೊಲಿಗೆ ಗೊತ್ತಿದ್ದರೂ ಸಂಜೆ ಮನೆಗೆ ಬಂದ ಮೇಲೆ ಆ ಕೈಯಲ್ಲಿ ಕುಲಾವಿ ಹೊಲಿಯುವ ಕಸುವು ಉಳಿದಿರುವುದಿಲ್ಲ. ಕೈಕಸುಬು ಮರೆತುಹೋಯಿತು ಎಂಬ ಹಳಹಳಿಕೆ ಈ ಊರಿನ ಮಟ್ಟಿಗೆ ಸುಳ್ಳು. ಇಲ್ಲಿ ಕಸುಬು ಇದೆ, ಹೊತ್ತು ಮಾರಾಟವಾಗಿದೆ. ಆ ಹೊತ್ತಿನ ಬೆಲೆ ಎಷ್ಟೆಂಬುದು ಲೋಕಕ್ಕೆ ಗೊತ್ತಾದದ್ದು 2016ರ ಏಪ್ರಿಲ್ 18 ಮತ್ತು 19ರಂದು. ಮಾಲೀಕರ ಪಾಲಿನ ಭವಿಷ್ಯನಿಧಿ (ಪಿಎಫ್) ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ಯಾವ ದೊಡ್ಡ ನಾಯಕರೂ ಇಲ್ಲದೆ ಹೊಸೂರು ರಸ್ತೆಗೆ ಇಳಿದರು. ಮೊದಲು ಹೊರಬಂದವರಲ್ಲಿ ಬೊಮ್ಮನಹಳ್ಳಿಯವರೂ ಇದ್ದರು. ಎರಡನೆಯ ದಿನ ಕೇಂದ್ರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಮುಪ್ಪಿನ ಹಣಕ್ಕೆ ಈಗಲೇ ಯಾಕೆ ಇಷ್ಟು ಆತುರ ಎಂದು ಆಗ ಕೇಳಿದವರಿದ್ದರು. ಆ ಹಣ ಇವರ ಪಾಲಿಗೆ ಮುಪ್ಪಿನದಾಗಿರಲಿಲ್ಲ. ಮದುವೆ, ಹೆರಿಗೆ, ಕಾಯಿಲೆ, ಶಾಲೆಯ ಫೀಸು ಇವುಗಳಿಗೆ ಕೆಲಸ ಬಿಟ್ಟು ಪಿಎಫ್ ತೆಗೆದು, ಊರಿಗೆ ಹೋಗಿ ಬಂದು ಮತ್ತೆ ಬೇರೆ ಕಡೆ ಸೇರುವುದು ಇಲ್ಲಿ ರೂಢಿ. ತವರಿನ ಐದು ತಿಂಗಳನ್ನು ಕೊಂಡುಕೊಳ್ಳಲು ಅವಳ ಹತ್ತಿರ ಇದ್ದ ಒಂದೇ ಗಂಟು ಅದು.

ಕಾನೂನು ಇದೆಯಲ್ಲ ಎನ್ನಬಹುದು. ಇದೆ, ಮತ್ತು ಅದು ಸಣ್ಣದಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆ 12 ವಾರದ ರಜೆ ಕೊಟ್ಟಿತ್ತು. 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ಅದನ್ನು 26 ವಾರ ಮಾಡಿತು, ಕಾರ್ಮಿಕರ ವಿಮೆಯಾದ ಇಎಸ್ಐ ಅಡಿಯಲ್ಲೂ ಅದೇ ವರ್ಷ ಅಷ್ಟೇ ಆಯಿತು. ಕೂಸುಮನೆಯ ನಿಯಮ ಇನ್ನೂ ಹಳೆಯದು, 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು: 50ಕ್ಕಿಂತ, 1976ರ ತಿದ್ದುಪಡಿಯ ಮೇಲೆ 30ಕ್ಕಿಂತ, ಹೆಚ್ಚು ಹೆಣ್ಣಾಳುಗಳಿದ್ದ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಜಾಗ ಇರಬೇಕಿತ್ತು. ಈ ಗೆಲುವನ್ನು ಕಡೆಗಣಿಸಲಾಗದು. ಆದರೆ ರಜೆಯ ಲೆಕ್ಕವನ್ನು ಮಗುವಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. 26 ವಾರದಲ್ಲಿ 8 ವಾರವನ್ನು ಹೆರಿಗೆಗೆ ಮುಂಚೆ ತೆಗೆದುಕೊಂಡವಳಿಗೆ ಉಳಿಯುವುದು 18, ಅಂದರೆ ನಾಲ್ಕು ತಿಂಗಳ ಚೂರು ಮೇಲೆ. ಆರು ತಿಂಗಳವರೆಗೆ ತಾಯಿಹಾಲು ಮಾತ್ರ, ಆಮೇಲೆ ಸರಿ ಎಂದು ವೈದ್ಯರು ಹೇಳುತ್ತಾರೆ. ಪೂರ್ತಿ ರಜೆ ಸಿಕ್ಕವಳು ಕೂಡ ಸರಿ ತಿನ್ನಿಸಲು ಶುರುಮಾಡಬೇಕಾದ ವಾರವೇ ಮತ್ತೆ ಮೆಷಿನ್ ಮುಂದೆ ಕೂರುತ್ತಾಳೆ. ಮನೆಯಲ್ಲಿ ಕುಟ್ಟಿ ಬೀಸುವ ಕೆಲಸ ಹೆಚ್ಚುವ ಹೊತ್ತಿಗೆ ಮನೆಯಲ್ಲಿ ಆಳು ಇಲ್ಲ. ಇದೂ ನೇಮಕಾತಿ ಪತ್ರ, ಇಎಸ್ಐ ಕಾರ್ಡು ಇದ್ದವಳ ಮಾತು. ಎಚ್‌ಎಸ್‌ಆರ್ ಬಡಾವಣೆಯ ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ, ಮನೆಯಲ್ಲೇ ಕೂತು ಪೀಸ್ ಲೆಕ್ಕದಲ್ಲಿ ಗುಂಡಿ ಹಾಕುವವಳಿಗೆ ಈ ರಜೆಯೂ ಕೂಸುಮನೆಯೂ ತಲುಪಲಿಲ್ಲ.

ಸರಕಾರ ಏನೂ ಮಾಡಲಿಲ್ಲ ಎನ್ನುವುದೂ ತಪ್ಪಾಗುತ್ತದೆ. 2007ರಲ್ಲಿ ಕರ್ನಾಟಕ ಸರಕಾರ ‘ಮಡಿಲು’ ಯೋಜನೆ ತಂದು, ಸರಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ 19 ಸಾಮಾನುಗಳ ಚೀಲ ಕೊಟ್ಟಿತು. ಸೊಳ್ಳೆಪರದೆ, ಹೊದಿಕೆ, ಸೋಪು, ಕೂಸಿಗೆ ಟೋಪಿ, ಸ್ವೆಟರು, ಎಣ್ಣೆ, ಬಾಣಂತಿಯ ಹೊಟ್ಟೆಗೆ ಕಟ್ಟುವ ಬಟ್ಟೆ ಸಹ. ಅಜ್ಜಿಯ ಪೆಟ್ಟಿಗೆಯನ್ನು ಬಲ್ಲವರೇ ಕೂತು ಈ ಪಟ್ಟಿ ಮಾಡಿದ್ದಾರೆಂದು ಅನಿಸುತ್ತದೆ, ಅದಕ್ಕೆ ಗೌರವ ಸಲ್ಲಬೇಕು. 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಜಾರಿಯಾದ ‘ಮಾತೃಪೂರ್ಣ’ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಇಟ್ಟಿತು. ಹೊಟ್ಟೆ ಕಟ್ಟುವ ಬಟ್ಟೆ ಬಂತು, ಕಟ್ಟುವವರು ಬರಲಿಲ್ಲ. ಬಿಸಿಯೂಟ ಬಂತು, ಹಸಿಬಾಣಂತಿ ಕೂಸನ್ನು ಎತ್ತಿಕೊಂಡು ಅಂಗನವಾಡಿಯವರೆಗೆ ನಡೆಯಬೇಕಾಯಿತು. ರಸ್ತೆಯಾಚೆ ಅಪಾರ್ಟ್‌ಮೆಂಟುಗಳಲ್ಲಿ ಇದೇ ಕೊರತೆಯನ್ನು ದುಡ್ಡು ತುಂಬಿತು. ಕೂಸಿಗೆ ನೀರು ಹಾಕಲು ದಿನಾ ಬಂದು ಹೋಗುವ ಅಜ್ಜಿಯರು, ತಿಂಗಳ ಸಂಬಳಕ್ಕೆ ಬಾಣಂತನ ಮಾಡುವ ಹೆಂಗಸರು, ಅವರನ್ನು ಒದಗಿಸುವ ಏಜೆನ್ಸಿಗಳು ಹುಟ್ಟಿಕೊಂಡವು. ಚಾಚಿದ ಕಾಲ ಮೇಲೆ ಕೂಸು ಹಾಕಿಕೊಳ್ಳುವ ಆ ವಿದ್ಯೆ ಹಾಗೆ ಉಳಿಯಿತು. ಆದರೆ ಅದನ್ನು ಬಲ್ಲವಳು ಬೆಳಿಗ್ಗೆ ಎದ್ದು ಇನ್ನೊಬ್ಬರ ಮೊಮ್ಮಗುವಿಗೆ ನೀರು ಹಾಕಲು ಹೋದರೆ, ಅವಳ ಸ್ವಂತ ಸೊಸೆ ಒಂಟಿ ಕೋಣೆಯಲ್ಲಿ ಬಕೆಟಿಗೆ ಕಾಯಿಲ್ ಇಳಿಬಿಟ್ಟು ಒಬ್ಬಳೇ ಕೂಸನ್ನು ತೊಳೆಯುತ್ತಾಳೆ.

ಇನ್ನು ಕೊನೆಯ ತಕರಾರು. ತಾಯಿಯೇ ಇಷ್ಟಪಟ್ಟು ಮಗುವಿಗೆ ಕ್ರೋಶದ ಟೋಪಿ ಹೆಣೆದರೆ, ಹಳೆಯ ಸೀರೆಯಲ್ಲಿ ಹೊದಿಕೆ ಹೊಲಿದರೆ, ಕುಕ್ಕರಿನಲ್ಲಿ ರಾಗಿ ಮೊಳಕೆ ಕಟ್ಟಿದರೆ ತಪ್ಪೇನು? ಏನೂ ತಪ್ಪಿಲ್ಲ. ಕೂಸು ಮಲಗಿದ ಅರ್ಧ ಗಂಟೆಯಲ್ಲಿ ತನ್ನ ಕೈಯಿಂದ ಒಂದು ವಸ್ತು ಪೂರ್ತಿಯಾಗಿ ಮೂಡುವುದನ್ನು ನೋಡುವ ಸಂತೋಷ, ವರ್ಷಗಟ್ಟಲೆ ಕಾಲರ್ ಒಂದನ್ನೇ ಹೊಲಿದವಳಿಗೆ ಎಷ್ಟು ದೊಡ್ಡದೆಂದು ಊಹಿಸಬಹುದು. ಹಳೆಯ ಬಾಣಂತನ ಅವಳಿಗೆ ಈ ಸ್ವಾತಂತ್ರ್ಯ ಕೊಟ್ಟಿರಲಿಲ್ಲ ಎಂಬುದೂ ನಿಜ. ಅಲ್ಲಿ ಹೆತ್ತವಳ ಇಷ್ಟವನ್ನು ಕೇಳುವವರೇ ಇರಲಿಲ್ಲ. ಆದ್ದರಿಂದ ಇದನ್ನು ಹೊಸ ಹವ್ಯಾಸವೆಂದು, ಹೊಸ ಸುಖವೆಂದು ಕರೆಯೋಣ. ಪರಂಪರೆಯೆಂದು ಹೆಸರಿಟ್ಟ ಕೂಡಲೇ ಅದು ಕರ್ತವ್ಯವಾಗುತ್ತದೆ, ಮಾಡದವಳು ಕಡಿಮೆ ತಾಯಿಯಾಗುತ್ತಾಳೆ. ನಾಲ್ಕು ಜನ ಹಂಚಿಕೊಂಡಿದ್ದ ಕೆಲಸವನ್ನು ಒಬ್ಬಳ ಮೇಲೆ ಹೊರಿಸಿ, ನಾಲ್ವರ ಹೆಸರಿನಲ್ಲಿ ಅವಳನ್ನು ಗದರಿಸಿದಂತಾಗುತ್ತದೆ.

ಹಳೆಯ ಬಾಣಂತನದಲ್ಲಿ ಎಲ್ಲಿಯೂ ಕಾಣಿಸದ ಒಬ್ಬನು ಮಾತ್ರ ಬೊಮ್ಮನಹಳ್ಳಿಯ ಒಂಟಿ ಕೋಣೆಯಲ್ಲಿ ಕಾಣಿಸಿಕೊಂಡಿದ್ದಾನೆ: ಮಗುವಿನ ಅಪ್ಪ. ತವರಿನಲ್ಲಿ ಅವನು ನಾಮಕರಣಕ್ಕೆ ಬಂದು ಹೋಗುವ ನೆಂಟ. ಇಲ್ಲಿ ಅತ್ತೆ ಇಲ್ಲ, ಅವ್ವ ಇಲ್ಲ. ಆದ್ದರಿಂದ ಶಿಫ್ಟ್ ಮುಗಿಸಿ ಬಂದು ನಲ್ಲಿಯಲ್ಲಿ ಕೂಸಿನ ಬಟ್ಟೆ ಒಗೆಯುವವನು, ಗಂಜಿ ಕಾಯಿಸುವವನು, ರಾತ್ರಿ ಜೋಲಿ ತೂಗುವವನು ಅವನೇ ಆಗಬೇಕಾಯಿತು. ಎಲ್ಲರೂ ಆಗಿಲ್ಲ, ಆದವರೂ ಅದನ್ನು ಹೊರಗೆ ಹೇಳಿಕೊಳ್ಳುವುದು ಕಡಿಮೆ. ಹಳಬರ ಬಾಣಂತನದಿಂದ ನಿಜವಾಗಿ ಮುಂದುವರಿಸಬೇಕಾದದ್ದು ಇನ್ನೊಂದು ಜೊತೆ ಕೈ ಇರಬೇಕೆಂಬ ಆ ಏರ್ಪಾಟನ್ನು. ಈ ಊರಿನಲ್ಲಿ ಆ ಕೈ ಅಪ್ಪನದೇ ಆಗಬಲ್ಲದು, ಸಾಲುಮನೆಯ ಪಕ್ಕದ ಬಾಗಿಲಿನವಳ ಜೊತೆ ಸೇರಿ. ಕೇಂದ್ರ ಸರಕಾರಿ ನೌಕರನಿಗೆ ಹೆಂಡತಿಯ ಹೆರಿಗೆಗೆಂದು 15 ದಿನದ ಪಿತೃತ್ವ ರಜೆ ಇದೆ. ಖಾಸಗಿ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವ, ಕಟಿಂಗ್ ಟೇಬಲ್ ಮುಂದೆ ನಿಲ್ಲುವ ಗಂಡಸಿಗೆ ಅಂಥ ರಜೆಯನ್ನು 1961ರ ಕಾಯ್ದೆಯೂ ಕೊಡಲಿಲ್ಲ, 2017ರ ತಿದ್ದುಪಡಿಯೂ ಕೊಡಲಿಲ್ಲ.